ಅಕ್ಕ ಹಿಡಿದ ಜಪಾನಿ ರಟ್ಟುಗಳು

ಎಂಬತ್ತರ ದಶಕದ ಆರಂಭ. ಗುಬ್ಬಿಯಿಂದ ದಿನಾ ರೈಲು ಹತ್ತಿ ತುಮಕೂರಿನ ಗಡಿಯಾರ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ನನ್ನ ಯಂತ್ರ ಜಪಾನಿನದು. ಅದರ ಎಣ್ಣೆಮುಚ್ಚಳದ ಮೇಲಿದ್ದ ಅಕ್ಷರ ಕಂಡರೆ ಬೆರಳು ಸುಮ್ಮನಿರುತ್ತಿರಲಿಲ್ಲ, ತೊಡೆಯ ಮೇಲೆ ಗೀಚುತ್ತಿತ್ತು. ಇದರ ಮೊದಲ ಗೆರೆ ಯಾವುದಿರಬಹುದು? ಅಷ್ಟರಲ್ಲಿ ಜಪಾನಿನ ತರಬೇತಿಗೆ ಒಬ್ಬನನ್ನು ಆರಿಸುತ್ತೇವೆ, ಭಾಷೆಯ ಪರೀಕ್ಷೆಯಿದೆ ಎಂದು ನೋಟೀಸು ಹಾಕಿ, ಜಪಾನಿ ಅಕ್ಷರ, ಉಚ್ಚಾರಣೆ, ಅರ್ಥಗಳಿದ್ದ ಸೈಕ್ಲೋಸ್ಟೈಲ್ ಹಾಳೆಗಳನ್ನು ಹಂಚಿದರು. ಆ ಒಬ್ಬ ನಾನೇ ಆಗಬೇಕೆಂದು ಹಟ ಹಿಡಿದೆ.

ಸೀರೆ ಡಬ್ಬದ ರಟ್ಟು ಕತ್ತರಿಸಿ, ಮುಂದೆ ಜಪಾನಿ ಅಕ್ಷರ, ಹಿಂದೆ ಕನ್ನಡದಲ್ಲಿ ಅದರ ಉಚ್ಚಾರಣೆ ಬರೆದೆ. ನಮ್ಮ ಬೀದಿಯಲ್ಲೇ ಸಂಸಾರ ಹೂಡಿದ್ದ ಅಕ್ಕ, ಸಂಜೆ ಹುಣಸೆಹಣ್ಣು ಬಿಡಿಸುತ್ತಾ, ಒಂದೊಂದೇ ರಟ್ಟು ಎತ್ತಿ ಹಿಡಿಯುತ್ತಿದ್ದಳು. ನನ್ನ ತಲೆ ಕೆಡಿಸಿದ್ದು ಒಂದೊಂದು ಅಕ್ಷರಕ್ಕೂ ಇದ್ದ ಎರಡೆರಡು ಉಚ್ಚಾರಣೆ. ನೀರು ಎಂಬ ಅರ್ಥದ ಅಕ್ಷರ ಒಂಟಿಯಾಗಿದ್ದರೆ ಮಿಜು, ಇನ್ನೊಂದು ಅಕ್ಷರದ ಪಕ್ಕ ಕೂತರೆ ಹೆಚ್ಚಾಗಿ ಸುಯಿ.

"ಇದ್ರಲ್ಲೇನ್ಲಾ ಕಷ್ಟ? ನಿಂಗೂ ಮನೇಲೊಂದು ಹೆಸ್ರು, ಹಾಜರಿ ಪುಸ್ತಕದಲ್ಲೊಂದು ಹೆಸ್ರು ಇಲ್ವಾ? ಇದ್ಕೂ ಹಂಗೇ ಕಣೋ," ಅಂದಳು ಅಕ್ಕ.

ಆಮೇಲೆ ಅಕ್ಷರಗಳು ತಲೆಗೆ ಹತ್ತತೊಡಗಿದವು. ಯಾವುದಕ್ಕೆ ಮನೆಯ ಹೆಸರು, ಯಾವುದಕ್ಕೆ ಹಾಜರಿಯ ಹೆಸರು ಎಂದು ಹುಡುಕುವುದೇ ನನಗೊಂದು ಹುಚ್ಚಾಯಿತು.

ಪರೀಕ್ಷೆಯ ಹಿಂದಿನ ದಿನ ಒಂದು ರಟ್ಟಿಗೆ "ಮಿಜು" ಅಂದೆ. "ತಪ್ಪು. ಅದು ಕಿ, ಮರ," ಅಂದಳು. ಕಿತ್ತುಕೊಂಡು ಹಿಂದೆ ನೋಡಿದರೆ ಮಿಜು ಎಂದೇ ಇತ್ತು. ಹಾಳೆ ತೆಗೆದು ನೋಡಿದೆ. ಅಕ್ಕ ಹೇಳಿದ್ದೇ ಸರಿ, ನಾನು ತಪ್ಪಾಗಿ ಬರೆದುಕೊಂಡಿದ್ದೆ.

"ಹಿಂದ್ಗಡೆ ಬರ್ದಿರೋದು ಓದಿದ್ರೆ ನೀನೂ ಮಿಜು ಅನ್ಬೇಕಿತ್ತಲ್ಲಕ್ಕಾ?"

"ನಂಗೆಲ್ಲಿ ಓದಕ್ಕೆ ಬರ್ತದೆ? ಮೊದಲ್ನೇ ದಿನ ಆ ಹಾಳೆ ನೋಡ್ಕೊಂಡು ಒಂದೊಂದೇ ತೋರ್ಸಿ ಹೇಳಿದ್ಯಲ್ಲ, ಅದನ್ನೇ ಇಟ್ಕೊಂಡಿದೀನಿ."

ಅಕ್ಕ ಸಹಿ ಹಾಕುತ್ತಿದ್ದಳು. ಓದಲೂ ಬರುತ್ತದೆಂದೇ ನಾನು ತಿಳಿದಿದ್ದೆ. ನಾನು ಹುಟ್ಟಿದಾಗ, ಮಗುವನ್ನು ಎತ್ತಿಕೊಳ್ಳಲು ಜನ ಬೇಕೆಂದು ಅವಳನ್ನು ಒಂದನೇ ಕ್ಲಾಸಿಗೇ ಬಿಡಿಸಿದ್ದರಂತೆ. ಅದನ್ನೂ ಅವತ್ತೇ, ಹುಣಸೆಬೀಜ ತೆಗೆಯುತ್ತಲೇ ಹೇಳಿದಳು.

ಪರೀಕ್ಷೆಯಲ್ಲಿ ನಾನೇ ಮೊದಲು ಬಂದೆ. ಸಂದರ್ಶನದಲ್ಲಿ ಸಾಹೇಬರು ಕನ್ನಡಕ ತೆಗೆದು ಕೇಳಿದರು: "ಇಷ್ಟು ಬೇಗ ಯಾರಯ್ಯಾ ಕಲಿಸಿದ್ದು?"

ಓದು ಬರದ ಅಕ್ಕ ಎನ್ನಲು ನಾಚಿಕೆಯಾಯಿತು.

"ಯಾರೂ ಇಲ್ಲ ಸಾರ್, ನಾನೇ ಕಲಿತೆ," ಅಂದೆ.