ಬಾವಿಗೆ ತಾವೇ ಇಳಿದ ಸಾಹೇಬರು

ನಮ್ಮ ಸಾಹೇಬರಿಗೆ ಹುಬ್ಬುಗಳಿರಲಿಲ್ಲ. ಹಿಂದೆ ಯಾವುದೋ ಊರಿನಲ್ಲಿ ಹುಲ್ಲಿನ ಬಣವೆಯ ಬೆಂಕಿ ಆರಿಸುವಾಗ ಸುಟ್ಟುಹೋದವು, ಮತ್ತೆ ಬೆಳೆಯಲೇ ಇಲ್ಲವಂತೆ. ಹಾಗಾಗಿ ಅವರಿಗೆ ಸಿಟ್ಟು ಬಂದಿದೆಯೋ ಆಶ್ಚರ್ಯವಾಗಿದೆಯೋ ಮುಖ ನೋಡಿ ಹೇಳುವುದು ಕಷ್ಟ. ಅವರ ಅಗ್ನಿಶಾಮಕ ಠಾಣೆಗೆ ಸೇರಿದ ದಿನ ಸೆಲ್ಯೂಟ್ ಹೊಡೆದು ನಿಂತ ನಾನು, ಇನ್ನೇನು ಬೈತಾರೆ ಅಂದುಕೊಂಡೆ. "ಊಟ ಆಯ್ತೇನಪ್ಪಾ?" ಅಂದರು.

ಎಂಬತ್ತರ ದಶಕ ಮುಗಿಯುತ್ತಿತ್ತು. ಹೆಸರಿಗೆ ಬೆಂಕಿ ಆರಿಸುವ ಕೆಲಸವಾದರೂ ನಮಗೆ ಬರುತ್ತಿದ್ದ ಕರೆಗಳಲ್ಲಿ ಹೆಚ್ಚಿನವು ಬಾವಿಯವೇ. ಶಿಡ್ಲಘಟ್ಟದ ಕಡೆ, ಚಿಂತಾಮಣಿಯ ಕಡೆ, ನೀರು ಕೆಳಗಿಳಿದಷ್ಟೂ ಬಾವಿಗಳನ್ನು ಆಳ ಮಾಡುತ್ತಿದ್ದರು. ಕಾಲು ಜಾರಿ ಬಿದ್ದವರು, ಬೇಕೆಂದೇ ಹಾರಿದವರು, ಒಮ್ಮೊಮ್ಮೆ ಮಕ್ಕಳು. ಎತ್ತಬೇಕಾದವರು ನಾವು.

ಅಂಥ ದಿನ ಸಾಹೇಬರು ಯಾರನ್ನೂ ನೆಟ್ಟಗೆ ಮನೆಗೆ ಬಿಡುತ್ತಿರಲಿಲ್ಲ. ಠಾಣೆಯ ತೊಟ್ಟಿಯಲ್ಲಿ ಎಲ್ಲರೂ ಕೈಕಾಲು ತೊಳೆಯಬೇಕು. ತಾವೇ ಸ್ಟವ್ ಹಚ್ಚಿ ಟೀ ಕಾಯಿಸುತ್ತಿದ್ದರು. ಕಂಡದ್ದನ್ನು ಒಬ್ಬೊಬ್ಬರೂ ಒಂದು ಮಾತಾದರೂ ಹೇಳಿಯೇ ಏಳಬೇಕು. "ಇಲ್ಲೇ ಇಳಿಸಿ ಹೋಗ್ರಪ್ಪಾ. ಮನೆಗೆ ಹೊತ್ಕೊಂಡ್ ಹೋದ್ರೆ ಹೆಂಡ್ತಿ ಮಕ್ಳು ಏನ್ ಮಾಡ್ತಾರೆ?" ಅನ್ನುತ್ತಿದ್ದರು.

ನನ್ನ ಜೊತೆಯವನು ಮುನಿರಾಜು. ಪಾಳಿಯ ವಿಚಾರಕ್ಕೆ ಜಗಳವಾಗಿ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಸಾಹೇಬರು ರಾಜಿ ಮಾಡಿಸಲು ಹೋಗಲಿಲ್ಲ. ಮುಂದಿನ ಕರೆಯಲ್ಲಿ ಮುನಿರಾಜುವಿನ ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿಯನ್ನು ನನ್ನ ಕೈಗೆ ಕೊಟ್ಟರು. ಅದರ ಮುಂದಿನ ಸಲ ಇಳಿದವನು ನಾನು, ಹಿಡಿದವನು ಅವನು. "ಮಾತಾಡ್ಬೇಡಿ, ಬಲವಂತ ಇಲ್ಲ. ಹಗ್ಗ ಬಿಡ್ಬೇಡಿ, ಅಷ್ಟೆ." ಕತ್ತಲಲ್ಲಿ ನೇತಾಡುವಾಗ ಮೇಲಿರುವವನ ದನಿ ಕೇಳದಿದ್ದರೆ ಜೀವ ಹೇಗೆ ಒದ್ದಾಡುತ್ತದೆ ಎಂಬುದು ಇಳಿದವರಿಗೇ ಗೊತ್ತು. ಎರಡನೆಯ ಬಾವಿಗೆ ನಾವಿಬ್ಬರೂ ಮಾತಾಡುತ್ತಿದ್ದೆವು.

ಆಮೇಲೆ ಒಂದು ಬೇಸಿಗೆಯಲ್ಲಿ ಸಾದಲಿಯ ಆಚೆಯ ಹಳ್ಳಿಯಿಂದ ಕರೆ ಬಂತು. ನೀರು ಎಟುಕದೆ ಡೀಸೆಲ್ ಇಂಜಿನ್ನನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸಿದ್ದರು. ಓಡುತ್ತಿದ್ದ ಇಂಜಿನ್ ನೋಡಲು ಇಳಿದ ಅಣ್ಣ ಹೊಗೆಗೆ ಸಿಕ್ಕಿ ಕುಸಿದಿದ್ದ. ಅವನನ್ನು ಎತ್ತಲು ಇಳಿದ ತಮ್ಮನೂ ಪಕ್ಕದಲ್ಲೇ ಬಿದ್ದಿದ್ದ. ನಾವು ಬಗ್ಗಿ ನೋಡಿದಾಗ ತಮ್ಮನ ಕೈ ಇನ್ನೂ ಅಲ್ಲಾಡುತ್ತಿತ್ತು.

ಠಾಣೆಗಿದ್ದ ಒಂದೇ ಒಂದು ಉಸಿರಾಟದ ಉಪಕರಣ ರಿಪೇರಿಗೆ ಹೋಗಿತ್ತು. ಸಾಹೇಬರು ಯಾರೂ ಇಳಿಯಬೇಡಿ ಅಂದರು. ಕೆಟ್ಟ ಗಾಳಿ ಕದಡಲೆಂದು ಗಾಡಿಯ ಪೈಪಿನಿಂದ ಬಾವಿಯೊಳಕ್ಕೆ ನೀರು ಚಿಮ್ಮಿಸತೊಡಗಿದೆವು. ಹುಡುಗರ ತಾಯಿ ಸಾಹೇಬರ ಕಾಲು ಹಿಡಿದಳು. "ನನ್ ಮಗ ಕೈ ಆಡಿಸ್ತಾವ್ನೆ, ನೀರು ಬಿಡ್ತಾ ನಿಂತಿದ್ದೀರಲ್ಲಪ್ಪಾ!" ಜನ ಬೈಯತೊಡಗಿದರು. ಎಲ್ಲಿಂದಲೋ ಬಂದ ಕಲ್ಲು ಸಾಹೇಬರ ಹಣೆಗೆ ಬಿತ್ತು.

ಮುನಿರಾಜುವಿಗೆ ತಡೆಯಲಾಗಲಿಲ್ಲ. "ನಾನು ಹೋಗ್ತೀನಿ ಸಾರ್" ಎಂದು ಹಗ್ಗ ಸುತ್ತಿಕೊಂಡ. ಸಾಹೇಬರು ಅವನ ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದರು. ಹಣೆಯಿಂದ ರಕ್ತ ಇಳಿಯುತ್ತಿತ್ತು. "ನೀನು ಬಿದ್ರೆ ಇವನು ಇಳೀತಾನೆ. ಇವನು ಬಿದ್ರೆ ಇನ್ನೊಬ್ಬ. ಸಾಲಾಗಿ ಹೆಣ ಎತ್ಲೇನೋ ನಾನು?"

ನೀರು ಇನ್ನಷ್ಟು ಹೊತ್ತು ಬಿಡಬೇಕಿತ್ತು, ಅದು ಅವರಿಗೂ ಗೊತ್ತಿತ್ತು. ಆದರೆ ಕೆಳಗೆ ಕೈ ಅಲ್ಲಾಡುವುದು ನಿಂತುಹೋಗಿತ್ತು. ಮುನಿರಾಜುವಿನ ಹಗ್ಗ ಬಿಚ್ಚಿ ತಮ್ಮ ಸೊಂಟಕ್ಕೆ ಕಟ್ಟಿಕೊಂಡರು. "ನಾನು ಎಳೆದ್ರೆ ಎತ್ತಿ. ಎಳೀದಿದ್ರೂ ಎತ್ತಿ. ಏನೇ ಆದ್ರೂ ಯಾರೂ ಇಳೀಕೂಡ್ದು."

ನಾವು ಇಳಿಬಿಟ್ಟ ಇನ್ನೊಂದು ಹಗ್ಗಕ್ಕೆ ತಮ್ಮನನ್ನು ಕಟ್ಟಿ ಮೇಲೆ ಕಳಿಸಿದರು. ಅಣ್ಣನನ್ನೂ ಕಟ್ಟಿ ಕಳಿಸಿದರು. ಆಮೇಲೆ ಅವರ ಹಗ್ಗ ಅಲುಗಲಿಲ್ಲ. "ಸಾರ್, ಪೈಕಿ ರಂಡಿ ಸಾರ್!" ಎಂದು ಮುನಿರಾಜು ಸಾಹೇಬರ ಮನೆಮಾತಾದ ತೆಲುಗಿನಲ್ಲೇ ಮೇಲೆ ಬನ್ನಿ ಎಂದು ಕೂಗಿದ. ಎಲ್ಲರೂ ಸೇರಿ ಎಳೆದೆವು. ತಲೆ ಜೋತುಬಿದ್ದಿತ್ತು, ಉಸಿರಿತ್ತು. ಅಣ್ಣತಮ್ಮಂದಿರಿಬ್ಬರಲ್ಲೂ ಇರಲಿಲ್ಲ.

ಸಾಹೇಬರು ಆಸ್ಪತ್ರೆಯಿಂದ ಎದ್ದು ಬಂದರು. ಬದುಕಿದರು ಎಂದು ನಾವು ಸಂಭ್ರಮಪಟ್ಟೆವು. ಕೆಲವು ವಾರಗಳಾದ ಮೇಲೆ ಅವರ ಕೈ ನಡುಗತೊಡಗಿತು. ಯಾರ ಮಗುವಿಗೆ ಜ್ವರ, ಯಾರ ತಂಗಿಗೆ ಗಂಡು ನೋಡುತ್ತಿದ್ದಾರೆ ಎಂದು ನಮ್ಮೆಲ್ಲರ ಮನೆಯ ಸಂಗತಿ ಬಲ್ಲವರು ನಮ್ಮ ಹೆಸರಿಗೇ ತಡವರಿಸುತ್ತಿದ್ದರು. ಆ ಹೊಗೆ ಮಿದುಳಿಗೆ ಹೊಕ್ಕಿದೆ ಎಂದರು ಡಾಕ್ಟರು. ಅವರ ಕೆಲಸವನ್ನೆಲ್ಲ ನಾವೇ ಸದ್ದಿಲ್ಲದೆ ಮಾಡಿಬಿಡುತ್ತಿದ್ದೆವು.

ಅವರಿಗದು ತಿಳಿಯಿತು. ಒಂದು ಬೆಳಿಗ್ಗೆ ಕವಾಯತಿನ ಸಾಲಿನ ಮುಂದೆ ನಿಂತು, "ನೆನ್ನೆ ಬೆಂಕೀಲಿ ನಾನು ಗಾಳಿಗೆ ಬೆಂಕಿ ನುಗ್ಗೋ ಕಡೆ ನಿಲ್ಲಿ ಅಂದೆ. ನೀವು ನಿಂತ್ರಿ. ತಪ್ಪು ಅಂತ ನಿಮಗೆಲ್ಲಾ ಗೊತ್ತಿತ್ತು" ಅಂದರು. "ನನ್ ಮೇಲಿನ ಪ್ರೀತಿಗೆ ಸಾಯ್ಬೇಡ್ರೋ. ಇವತ್ತಿಂದ ಮುನಿರಾಜು ಬೇಡ ಅಂದ್ರೆ, ನಾನು ಹೇಳಿದ್ರೂ ಕೇಳ್ಬೇಡಿ." ಮುನಿರಾಜು ಅಳುತ್ತಿದ್ದ. ಅವರು ಸಾಲಿನ ಕೊನೆಗೆ ನಡೆದುಹೋಗಿ ಅಲ್ಲಿ ನಿಂತುಕೊಂಡರು. ಆ ತಿಂಗಳೇ ಕೆಲಸ ಬಿಟ್ಟರು.

ಚಿಕ್ಕಬಳ್ಳಾಪುರದಲ್ಲಿ ಮಗಳ ಮನೆಯಲ್ಲಿದ್ದರು. ನಾನು ಕೊನೆಯ ಸಲ ನೋಡಲು ಹೋದಾಗ ನನ್ನ ಗುರುತು ಹತ್ತಲಿಲ್ಲ. ಬಹಳ ಹೊತ್ತು ನನ್ನ ಖಾಕಿ ಅಂಗಿಯನ್ನೇ ನೋಡಿ, "ಹುಡುಗ್ರೆಲ್ಲಾ ಮೇಲೆ ಬಂದ್ರಾ?" ಎಂದು ಕೇಳಿದರು.

"ಬಂದ್ವಿ ಸಾರ್. ಎಲ್ಲಾರೂ ಬಂದ್ವಿ."

ತಲೆಯಾಡಿಸಿ ಗೋಡೆಯ ಕಡೆ ತಿರುಗಿ ಮಲಗಿದರು. ಮಗಳು ಹೊದಿಕೆ ಸರಿಮಾಡಿದಳು. ಆ ವಾರವೇ ಹೋಗಿಬಿಟ್ಟರು.