ಅರ್ಧ ಕಾಫಿ

ನಮ್ಮ ದೊಡ್ಡವ್ವನ ಬಲಗೈ ಹೆಬ್ಬೆರಳು ಕಳೆ ಕಿತ್ತೂ ಕಿತ್ತೂ ಎಮ್ಮೆಯ ಗೊರಸಿನಂತಾಗಿತ್ತು. ಅದನ್ನು ತೋರಿಸಿ ಅವಳು ನಮ್ಮೂರು ಚಿಗಟೇರಿಯಲ್ಲಿ ಬೈದರೆ ದೂರದ ಬಾಗಳಿಯಲ್ಲಿ ಮಲಗಿದ ಕೂಸು ಎದ್ದು ಅಳುತ್ತಿತ್ತು. ಇದರಲ್ಲಿ ನಾನು ಸೇರಿಸಿದ್ದು ಸ್ವಲ್ಪವೇ.

ಸಾವ್ಕಾರರ ಈರುಳ್ಳಿ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರಿಗೆಲ್ಲ ಅವಳೇ ಮುಂದಾಳು. ಬೆಳಿಗ್ಗೆ ಬಗ್ಗಿದವರು ಮಧ್ಯಾಹ್ನದ ಬುತ್ತಿಗೇ ನೆಟ್ಟಗಾಗಬೇಕು. ನಡುವೆ ಯಾರಾದರೂ ಸೊಂಟ ಹಿಡಿದು ನಿಂತರೆ, ಬದುವಿನ ಮೇಲೆ ಬೈಕಿಗೆ ಒರಗಿದ ಸಾವ್ಕಾರರು, "ಮುಗಿಲು ಅಳತಿ ಮಾಡಾಕ ನಿಂತೀಯೇನು? ಬಗ್ಗು" ಅನ್ನುತ್ತಿದ್ದರು.

ಒಂದು ಸಂಜೆ ಮೊಬೈಲಿನಲ್ಲಿ ಓದಿದ್ದನ್ನು, ಆಗಷ್ಟೇ ಸ್ವೀಡನ್ನಿನ ಬಸ್ಸಿಳಿದವನಂತೆ ಅವಳಿಗೆ ಹೇಳಿದೆ. ಆ ದೇಶದಲ್ಲಿ ದಿನಾ ಕೆಲಸ ನಿಲ್ಲಿಸಿ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಾರೆ, ಜೊತೆಗೊಂದು ಸಿಹಿ.

"ಮಾಲೀಕ ನಿಂತಿರ್ತಾನೇನಲೇ?"

"ಅವನೂ ಕೂಡ್ತಾನ ದೊಡ್ಡವ್ವ, ಅವರ ಜೋಡಿನ."

ಅವಳು ಎದ್ದು ಹೋಗಿ ಕಾಫಿಪುಡಿಯ ಡಬ್ಬಿ ಇಳಿಸಿದಳು.

ಮರುದಿನ ಬಿಸಿಲೇರುವ ಹೊತ್ತಿಗೆ ಹೊಲದ ಬೇವಿನ ಮರದಡಿ ಕಾಫಿ ಕುದಿಯಿತು. ರುಚಿ ಸುಟ್ಟ ಟೈರಿನದು. ಶೇಂಗಾ ಉಂಡೆ ಇಲ್ಲದಿದ್ದರೆ ಸ್ವೀಡನ್ನಿನ ಮರ್ಯಾದೆ ಅಲ್ಲೇ ಹೋಗುತ್ತಿತ್ತು. ಸಾವ್ಕಾರರು ಉರಿದುಬಿದ್ದರು. "ನಾಳಿಯಿಂದ ನೀವ್ಯಾರೂ ಬರಬ್ಯಾಡ್ರಿ" ಅಂದರು. ಟ್ರ್ಯಾಕ್ಟರ್ ಕಳಿಸಿ ಉಚ್ಚಂಗಿದುರ್ಗದಿಂದ ಬೇರೆ ಹೆಂಗಸರನ್ನು ಕರೆಸಿದರು. ದೊಡ್ಡವ್ವ ಅವರಿಗಿಂತ ಮೊದಲೇ ಹೋಗಿ ಬೇವಿನಡಿ ಒಲೆ ಹೂಡಿದ್ದಳು.

"ಬರ್ರವ್ವಾ, ನಿಮ್ಮ ಸೊಂಟನೂ ಕಬ್ಬಿಣದ್ದಲ್ಲ."

ಅವರೂ ಬಂದು ಕೂತರು. ಸಾವ್ಕಾರರು ಅವರನ್ನೂ ವಾಪಸು ಕಳಿಸಿದರು.

ಕಳೆ ಈರುಳ್ಳಿಯನ್ನು ಮೀರಿ ಬೆಳೆದ ಮೇಲೆ ಸಾವ್ಕಾರರು ನಮ್ಮವರನ್ನೇ ಕರೆದರು, ಕಾಫಿಗೂ ಒಪ್ಪಿದರು. ಆದರೆ ತಾವು ಮಾತ್ರ ಕೂರಲಿಲ್ಲ. ಬೈಕಿಗೆ ಒರಗಿ, ಲೋಟ ಮುಟ್ಟದೆ, ಕೈಗಡಿಯಾರ ನೋಡುತ್ತ ನಿಲ್ಲುತ್ತಿದ್ದರು. "ಅವ ಕೂಡೋತನಕ ಇದು ಅರ್ಧ ಕಾಫಿನ" ಅನ್ನುತ್ತಿದ್ದಳು ದೊಡ್ಡವ್ವ. ದಿನವೂ ಅವರ ಪಾಲಿನ ಲೋಟ ತುಂಬಿಸಿ ಬದುವಿನ ಮೇಲಿಡುತ್ತಿದ್ದಳು, ಆರಿದ ಮೇಲೆ ಅವರ ಬೈಕಿನ ಗಾಲಿಗೇ ಚೆಲ್ಲುತ್ತಿದ್ದಳು.

ಈ ಚಳಿಗಾಲದ ಒಂದು ಬೆಳಿಗ್ಗೆ ಅವಳು ಸಾಲಿನ ನಡುವೆ ಎದೆ ಹಿಡಿದು ನೆಟ್ಟಗೆ ನಿಂತಳಂತೆ. "ಕಾಫಿಗೆ ಇನ್ನೂ ಹೊತ್ತೈತಿ, ಬಗ್ಗು" ಅಂದರಂತೆ ಸಾವ್ಕಾರರು. ಅವಳು ಬಗ್ಗಲಿಲ್ಲ, ಬಿದ್ದಳು. ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಸಾವ್ಕಾರರು ನಮ್ಮ ಮನೆಗೆ ಬಂದರು. ಹೆಂಗಸರೆಲ್ಲ ನೆಲದ ಮೇಲೆ ಕೂತಿದ್ದರು. ಯಾರೋ ಕುರ್ಚಿ ಹಾಕಿದರು. ನಾನು ಅದನ್ನು ಎಳೆದು ಹೊರಗಿಟ್ಟೆ. ಎಲ್ಲದಕ್ಕೂ ನಗಿಸುವ ನನ್ನ ನಾಲಗೆಗೆ ಅವತ್ತು ನಗೆ ಬರಲಿಲ್ಲ.

"ಕೆಳಗ ಕೂಡ್ರಿ ಸಾವ್ಕಾರ್ರ. ದೊಡ್ಡವ್ವನ ಕಾಫಿ ಐತಿ."

ಅವರು ಬಾಗಿಲ ಕಡೆ ನೋಡಿದರು. ದಾರಿಗೆ ಅಡ್ಡ ಕೂತ ಹೆಂಗಸರು ಯಾರೂ ಜರುಗಲಿಲ್ಲ. ಸಾವ್ಕಾರರು ಕೂತರು. ಲೋಟ ಮುಂದಿಟ್ಟೆ. ಅದು ಖಾಲಿಯಾಗುವ ತನಕ, ಗೋಡೆಗೆ ಒರಗಿ, ಕೈಗಡಿಯಾರ ನೋಡುತ್ತ ನಿಂತೆ.