ಎಡಕ್ಕೆ ಕಣಗಿಲೆ, ಬಲಕ್ಕೆ ಚೆಂಡು ಹೂವು

ಗುಡಿಯ ಬಾಗಿಲಲ್ಲಿ ಕೊಂಡ ತೆಂಗಿನಕಾಯಿಗೆ ಉಗುರಿನಿಂದ ಗೀರಿ ಗುರುತು ಮಾಡಿಕೊಂಡೆ. ಒಳಗೆ ಕೊಟ್ಟ ಕಾಯಿ ಸಂಜೆಯೊಳಗೆ ಅದೇ ಅಂಗಡಿಗೆ ವಾಪಸು ಬರುತ್ತದೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ. ಪಕ್ಕದಲ್ಲೇ ನಿಂತಿದ್ದ ಅವ್ವನಿಗೆ ಇದು ಗೊತ್ತಾಗಲಿಲ್ಲ. ಅವಳಿಗೆ ಆಗ ಕಾಯಿಯೇ ಮಸುಕಾಗಿ ಕಾಣುತ್ತಿತ್ತು.

ಅವ್ವನ ಎರಡೂ ಕಣ್ಣಿಗೆ ಮೋತಿಬಿಂದು ಕಟ್ಟಿತ್ತು. ಪೊರೆ ಬಲಿತುಹೋಗಿದೆ, ಇನ್ನೂ ತಡ ಮಾಡಿದರೆ ಕಣ್ಣು ಉಳಿಯುವುದು ಕಷ್ಟ ಎಂದು ಹುಮನಾಬಾದಿನ ಡಾಕ್ಟರು ಹೇಳಿದ್ದರು. ಅವ್ವ ಮಾತ್ರ ಭವಾನಿಯ ಅಪ್ಪಣೆಯಿಲ್ಲದೆ ಆಪರೇಷನ್ ಬೇಡವೆಂದು ಹಟ ಹಿಡಿದಿದ್ದಳು. ಮೋರಖಂಡಿ ದಾಟಿ ತೊಗರಿ ಹೊಲಗಳ ನಡುವೆ ಇರುವ ಈ ಗುಡಿಯಲ್ಲಿ ಹೂ ಕೇಳುವ ಪದ್ಧತಿ. ದೇವಿಯ ಎಡಭುಜಕ್ಕೆ ಕಣಗಿಲೆ, ಬಲಭುಜಕ್ಕೆ ಚೆಂಡು ಹೂವು, ಎರಡನ್ನೂ ಒದ್ದೆ ಭಂಡಾರದಲ್ಲಿ, ಅಂದರೆ ದೇವಿಯ ಅರಿಶಿನದಲ್ಲಿ, ಅದ್ದಿ ಅಂಟಿಸುತ್ತಾರೆ. ಚೆಂಡು ಹೂವು ಮೊದಲು ಬಿದ್ದರೆ ಹೂಂ, ಕಣಗಿಲೆ ಬಿದ್ದರೆ ಬೇಡ. ಬಿದ್ದ ಹೂವನ್ನು ಕೇಳಿದವರ ಸೆರಗಿಗೆ ಹಾಕುತ್ತಾರೆ.

ಹಿಂದಿನ ತಿಂಗಳು ಅಣ್ಣನ ಹೆಂಡತಿ, ನಮ್ಮ ವೈನಿ, ಅವ್ವನನ್ನು ಕರೆತಂದಿದ್ದಳು. ಕಣಗಿಲೆ ಬಿತ್ತಂತೆ. ಸುದ್ದಿ ಕೇಳಿದ ಕೂಡಲೇ ನನ್ನ ತಲೆ ಓಡತೊಡಗಿತು. ಅವ್ವ ದವಾಖಾನೆ ಸೇರಿದರೆ ಎಮ್ಮೆ ಹಿಂಡುವ ಕೆಲಸ ಯಾರ ಕೊರಳಿಗೆ ಬೀಳುತ್ತದೆ? ವೈನಿಯ ಕೊರಳಿಗೇ. ಚೆಂಡು ಹೂವು ಭಾರ, ಕಣಗಿಲೆ ಹಗುರ. ಹಗುರದ್ದೇ ಮೊದಲು ಹೇಗೆ ಬಿತ್ತು? ಬಲಗಡೆ ಭಂಡಾರ ಜಾಸ್ತಿ ಮೆತ್ತಿರಬೇಕು. ಪೂಜಾರಿ ಮತ್ತು ವೈನಿ ಕೂಡಿಯೇ ಇದನ್ನು ಮಾಡಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಇನ್ನೊಮ್ಮೆ ಕೇಳೋಣವೆಂದು ಅವ್ವನಿಗೆ ಗಂಟು ಬಿದ್ದೆ.

ಅವ್ವ ಒಪ್ಪಿದಳು. "ನಿನ್ನಂಥ ಸಂಶಯದ ಪ್ರಾಣಿ ನಮ್ಮ ಖಾಂದಾನದಾಗ ಇನ್ನೊಬ್ಬರಿಲ್ಲ. ನೀನೇ ಮುಂದ ನಿಂತು ನೋಡು. ನೀ ಹೇಳಿದ್ದು ನಂಬತೀನಿ" ಎಂದಳು.

ಗರ್ಭಗುಡಿಯ ಹೊಸ್ತಿಲಿಗೆ ಮೂಗು ತಾಗಿಸಿದಂತೆ ನಿಂತೆ. ಪೂಜಾರಿ ನನ್ನನ್ನೊಮ್ಮೆ, ನನ್ನ ನೋಟವನ್ನೊಮ್ಮೆ ನೋಡಿದ.

"ಯಾಕ್ರಿ ಅಕ್ಕಾರ, ಹಾಂಗ ನೋಡಾಕತ್ತೀರಿ?"

"ಭಂಡಾರ ಎರಡಕ್ಕೂ ಒಂದೇ ಸಮ ಹಚ್ಚೀರೇನು ಅಂತ ನೋಡಾಕತ್ತೇನಿ."

ಸಿಟ್ಟಿಗೇಳುತ್ತಾನೆ ಅಂದುಕೊಂಡಿದ್ದೆ. ಆತ ತಟ್ಟೆಯನ್ನೇ ನನ್ನ ಮುಂದೆ ಹಿಡಿದ. "ನೀವೇ ಹಚ್ಚಿ ಕೊಡ್ರಿ. ನಂದೇನೂ ತಕರಾರಿಲ್ಲ."

ನಾನೇ ಹಚ್ಚಿದೆ. ನಿಜ ಹೇಳುತ್ತೇನೆ, ಚೆಂಡು ಹೂವಿಗೆ ಒಂದಿಷ್ಟು ಕಡಿಮೆಯೇ ಹಚ್ಚಿದೆ. ಪೂಜಾರಿ ಎರಡನ್ನೂ ದೇವಿಯ ಭುಜಕ್ಕೆ ಅಂಟಿಸಿ ಹಿಂದೆ ಸರಿದು ಕೈಮುಗಿದ. ನಾನು ಅವನ ಕೈ ನೋಡಿದೆ, ತೋಳು ನೋಡಿದೆ, ಮೇಲೆ ಫ್ಯಾನು ತಿರುಗುತ್ತಿದೆಯೇ ಎಂದೂ ನೋಡಿದೆ. ಫ್ಯಾನು ನಿಂತಿತ್ತು. ಗಾಳಿಯೂ ಇರಲಿಲ್ಲ.

ಬಿದ್ದದ್ದು ಕಣಗಿಲೆ.

ನನಗೆ ದೇವಿಯ ಮೇಲೇ ಸಿಟ್ಟು ಬಂತು. ಅನುಮಾನಪಡಲು ಅಲ್ಲಿ ಇನ್ಯಾರೂ ಉಳಿದಿರಲಿಲ್ಲ. ವೈನಿ ಊರಲ್ಲಿದ್ದಳು, ಪೂಜಾರಿ ದೂರ ನಿಂತಿದ್ದ, ಭಂಡಾರ ನನ್ನದೇ ಕೈಯದು.

ಅವ್ವ ಕತ್ತು ಮುಂದೆ ಚಾಚಿ, ಮಂಜುಗಣ್ಣುಗಳನ್ನು ಕಿರಿದು ಮಾಡಿಕೊಂಡು ಕೇಳಿದಳು: "ಬಿತ್ತೇನ? ಯಾವ ಕಡೀದು ಬಿತ್ತು?"

ಪೂಜಾರಿ ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ. ಒಂದು ಮಾತಿನಲ್ಲಿ ಅವ್ವನ ಕಣ್ಣು ಹೋಗುವುದಿತ್ತು.

"ಬಲಗಡೀದು, ಯವ್ವಾ" ಎಂದೆ. "ಚೆಂಡು ಹೂವು."

ಅವ್ವ ಸೆರಗು ಒಡ್ಡಿದಳು. ಪೂಜಾರಿ ನನ್ನ ಪರವಾಗಿ ಸುಳ್ಳು ಹೇಳಲಿಲ್ಲ, ನನ್ನನ್ನು ಹಿಡಿದುಕೊಡಲೂ ಇಲ್ಲ. ಪದ್ಧತಿಯಂತೆ ಬಿದ್ದ ಹೂವನ್ನೇ ಎತ್ತಿ ಸೆರಗಿಗೆ ಹಾಕಿ ಒಳಗೆ ಹೋದ. ಅವ್ವ ಅದನ್ನು ಎರಡು ಬೆರಳಲ್ಲಿ ಹಿಡಿದು ಸವರಿ, ಮೂಗಿನ ಹತ್ತಿರ ತಂದಳು. ಚೆಂಡು ಹೂವಿನ ಘಾಟು ವಾಸನೆ ಎಲ್ಲಿ, ಈ ಕಣಗಿಲೆ ಎಲ್ಲಿ! ಇಡೀ ಜನ್ಮ ಹಿತ್ತಲಲ್ಲಿ ಎರಡನ್ನೂ ಬೆಳೆಸಿದವಳು ಅವ್ವ. ಅವಳು ಹೂವನ್ನು ತುರುಬಿಗೆ ಸಿಕ್ಕಿಸಿಕೊಂಡಳು.

ಹೊರಗೆ ಬರುವಾಗ ಅಂಗಡಿಯ ಕಾಯಿಗಳ ಕಡೆ ನೋಡುವುದನ್ನೂ ಮರೆತಿದ್ದೆ. ಬಸವಕಲ್ಯಾಣಕ್ಕೆ ಹೋಗುವ ಆಟೋ ಹತ್ತಿಸುವಾಗ ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ದೇವಿ ಬ್ಯಾಡ ಅಂದಳು, ನೀ ಹೂಂ ಅಂದಿ" ಎಂದಳು ಮೆಲ್ಲಗೆ. "ದವಾಖಾನ್ಯಾಗ ನನ್ನ ಕೈ ಬಿಡಬ್ಯಾಡ ಮತ್ತ."